ಬಲಮೂಲೆಯ ಕೆಂಪು ಮಚ್ಚೆ

ಆಫೀಸಿನಲ್ಲಿ ಅವಳಿಗೆ ಕಲ್ಲಕ್ಕ ಎಂದು ಹೆಸರು. ಬೈಗುಳವೆಂದು ತಿಳಿಯಬೇಡಿ, ಅವಳ ಮಟ್ಟಿಗೆ ಅದು ಬಿರುದು. ಕಂಪ್ಯೂಟರ್ ಪರದೆಯ ಮುಂದೆ ಕೂತ ಜನ ಎಲ್ಲಿ ನೋಡುತ್ತಾರೆ, ಎಲ್ಲಿ ತಡವರಿಸುತ್ತಾರೆ, ಕಣ್ಣೆದುರೇ ಇದ್ದರೂ ಯಾವ ಬಟನ್ ಅವರ ಕಣ್ಣಿಗೆ ಬೀಳುವುದಿಲ್ಲ ಎಂದು ನೋಡಿ ವರದಿ ಬರೆಯುವುದು ಅವಳ ಕೆಲಸ. ಪರೀಕ್ಷೆ ಪರದೆಗೇ ಹೊರತು ಜನರಿಗಲ್ಲ. ಆದ್ದರಿಂದ ಬಂದವರು ತಪ್ಪು ಬಟನ್ ಕಡೆ ಬೆರಳು ಚಾಚಿದರೆ "ಅಯ್ಯೋ, ಅದಲ್ಲ ಕಣ್ರೀ" ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಳ್ಳಬೇಕು. ಸರಿಯಾದದ್ದನ್ನು ಒತ್ತಿದರೆ "ಭೇಷ್" ಎನ್ನುವ ಹಾಗಿಲ್ಲ. ಹನ್ನೊಂದು ವರ್ಷದಿಂದ ಅವಳು ನುಂಗಿಕೊಂಡೇ ಬಂದಿದ್ದಳು.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ತರಬೇತಿ ಕೊಡುವವಳೂ ಅವಳೇ. "ಬಾಯಿ ಮುಚ್ಕೊಂಡ್ರೆ ಸಾಲ್ದು, ಮುಖಾನೂ ಮುಚ್ಕೋಬೇಕು. ನನ್ನ ನೋಡಿ ಕಲೀರಿ," ಎನ್ನುತ್ತಿದ್ದಳು. ಅವರು ನೋಡುತ್ತಿದ್ದರು. ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಅದನ್ನು ಗೌರವವೆಂದೇ ಅವಳು ತಿಳಿದಿದ್ದಳು.

ಮನೆಯ ಕಥೆ ಬೇರೆ. ಮನೆಯಲ್ಲಿ ಅವಳನ್ನು ಯಾರೂ ಇಸ್ಪೀಟಾಟಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಲೆಕ್ಕದ ಮೇಷ್ಟ್ರಾದ ಗಂಡ, ಏಳನೇ ಕ್ಲಾಸಿನ ಮಗಳು, ಎಪ್ಪತ್ತು ದಾಟಿದ ಅತ್ತೆ, ಮೂವರೂ ಕೂಡಿ ಆಡುವಾಗ ಇವಳು ಎಲೆ ಎತ್ತಿದರೆ ಸಾಕು, "ಅಮ್ಮಂಗೆ ಜೋಕರ್ ಬಂತು" ಎಂದು ಮಗಳು ಕೂಗುತ್ತಿದ್ದಳು. ಅಡುಗೆಗೆ ಉಪ್ಪು ಹೆಚ್ಚಾಗಿದೆಯೋ ಕಡಿಮೆಯೋ ಎಂದು ಅತ್ತೆ ರುಚಿ ನೋಡಿ ತಿಳಿದವರಲ್ಲ, ಸೊಸೆ ಮೊದಲ ತುತ್ತು ಬಾಯಿಗಿಟ್ಟಾಗ ಅವಳ ಮುಖ ನೋಡಿ ತಿಳಿಯುತ್ತಿದ್ದರು. ಇದಕ್ಕೆಲ್ಲ ಅವಳ ಬಳಿ ಸಮಾಧಾನ ಸಿದ್ಧವಿತ್ತು. ಎಂಟು ಗಂಟೆ ಆಫೀಸಿನಲ್ಲಿ ಮುಖ ಬಿಗಿಹಿಡಿದು ಬಂದವಳು ಮನೆಯಲ್ಲಿ ಸಡಿಲ ಬಿಡುತ್ತಾಳೆ, ಅಷ್ಟೆ.

ಆಗ ಕೈಯಲ್ಲಿದ್ದದ್ದು ಒಂದು ದೊಡ್ಡಾಸ್ಪತ್ರೆಯ ಕೆಲಸ. ಆಸ್ಪತ್ರೆಯ ಬಾಗಿಲಲ್ಲೇ ಒಂದು ಕೌಂಟರ್, ಅಲ್ಲಿ ಇಬ್ಬರು ಹೆಂಗಸರು. ಬಂದವರಿಗೆ ಚೀಟಿ ಬರೆದು ಯಾವ ಡಾಕ್ಟರ ಕೋಣೆಗೆ ಹೋಗಬೇಕೆಂದು ಹೇಳುವವರು. ಮುಂದಿನ ತಿಂಗಳಿಂದ ಅವರನ್ನು ಎಬ್ಬಿಸಿ, ಆ ಜಾಗದಲ್ಲಿ ಮುಟ್ಟಿದರೆ ಕೆಲಸ ಮಾಡುವ ಆರು ಗಾಜಿನ ಪರದೆಗಳನ್ನು ನಿಲ್ಲಿಸುವುದು ಎಂದಾಗಿತ್ತು. ಪರದೆ ಪಾಸಾಯಿತೆಂದು ಕಲ್ಲಕ್ಕನ ರುಜು ಬಿದ್ದರೆ ಮುಗಿಯಿತು. ದಿನಕ್ಕೆ ಸಾವಿರ ಜನ, ಜ್ವರದವರು, ಮೊಣಕಾಲು ಹಿಡಿದುಕೊಂಡವರು, ಮಗುವನ್ನು ಹೆಗಲಿಗೆ ಹಾಕಿಕೊಂಡವರು, ಎಲ್ಲರೂ ಆ ಗಾಜಿನ ಮುಂದೆಯೇ ನಿಲ್ಲಬೇಕು.

ಪರದೆ ಬಿಡಿಸಿದವರು ವಿನ್ಯಾಸ ವಿಭಾಗದ ಮುಖ್ಯಸ್ಥರು. ಒಂದು ಗೆರೆ ಒಂದು ಚುಕ್ಕೆಯಷ್ಟು ಆಚೆ ಹೋದರೆ ಊಟ ಬಿಟ್ಟು ಜಗಳಕ್ಕೆ ನಿಲ್ಲುವವರಾದ್ದರಿಂದ ಪಿಕ್ಸೆಲಪ್ಪ ಎಂದು ಹೆಸರಾಗಿತ್ತು. ಕಪ್ಪುನೀಲಿ ಬಣ್ಣದ ಪರದೆ, ಅದರ ಮೇಲೆ ತೆಳ್ಳನೆಯ ಬಿಳಿ ಅಕ್ಷರ, ನೋಡಲು ಒಡವೆ ಅಂಗಡಿಯ ಪೆಟ್ಟಿಗೆಯ ಹಾಗೆ ಚೆಂದ. ಓದಿದರೆ ಮಾತ್ರ ತಲೆ ಕೆಡುತ್ತಿತ್ತು. ಹೊಸ ಭೇಟಿ, ಮರುಭೇಟಿ, ಮುಂದುವರಿದ ಭೇಟಿ, ಉಲ್ಲೇಖಿತ ಭೇಟಿ, ಇತರೆ ಭೇಟಿ ಎಂದು ಐದು ಬಟನ್. ಮೂರು ವಾರದ ಹಿಂದೆ ಬಂದಿದ್ದ ಮೊಣಕಾಲು ನೋವಿನವರು ಅದೇ ಡಾಕ್ಟರಿಗೆ ಮತ್ತೆ ತೋರಿಸಬೇಕಾದರೆ ಯಾವುದನ್ನು ಒತ್ತಬೇಕು? ಮರುಭೇಟಿ ಎಂದಿರಾ? ತಪ್ಪು. ಒಂದು ತಿಂಗಳೊಳಗೆ ಬಂದರೆ ಮುಂದುವರಿದ ಭೇಟಿ, ತಿಂಗಳು ಕಳೆದರೆ ಮರುಭೇಟಿ. ಕೊನೆಯಲ್ಲಿ 'ಸಲ್ಲಿಸಿ', 'ಮುಗಿಸಿ' ಎಂದು ಮತ್ತೆರಡು. 'ಮುಗಿಸಿ' ಒತ್ತಿದರೆ ತುಂಬಿದ್ದೆಲ್ಲ ಅಳಿಸಿಹೋಗುತ್ತಿತ್ತು. ಇದು ನೆಗೆದು ಬೀಳುತ್ತದೆ ಎಂದು ಕಲ್ಲಕ್ಕ ಮನಸ್ಸಿನಲ್ಲೇ ಅಂದುಕೊಂಡಳು. ಅಂದುಕೊಂಡದ್ದನ್ನು ಬಾಯಿಬಿಟ್ಟು ಹೇಳುವುದು ಅವಳ ಕೆಲಸವಲ್ಲ. ಹೇಳಬೇಕಾದದ್ದು ಯಂತ್ರ.

ಯಂತ್ರವೆಂದರೆ ಗೇಣುದ್ದದ ಒಂದು ಕಪ್ಪು ಪಟ್ಟಿ. ಪರದೆಯ ಕೆಳಗೆ ಅಂಟಿ ಕೂತು, ನಮಗೆ ಕಾಣದ ಬೆಳಕನ್ನು ಕಣ್ಣಿಗೆ ಬಿಟ್ಟು, ಪಾಪೆ ಎತ್ತ ತಿರುಗಿತೆಂದು ಸೆಕೆಂಡಿಗೆ ಅರವತ್ತು ಸಲ ಬರೆದುಕೊಳ್ಳುತ್ತದೆ. ಮೊದಲು ಒಂಬತ್ತು ಚುಕ್ಕೆ ತೋರಿಸಿ ಆಯಾ ಕಣ್ಣಿನ ಪರಿಚಯ ಮಾಡಿಕೊಳ್ಳುತ್ತದೆ. ಕಾಡಿಗೆ ಹೆಚ್ಚಾದರೆ ಅದಕ್ಕಾಗದು, ರೆಪ್ಪೆ ಜೋತುಬಿದ್ದರೆ ಆಗದು, ಬಿಸಿಲಂತೂ ಆಗಲೇ ಆಗದು. ಆದ್ದರಿಂದ ಕೋಣೆಯ ಕಿಟಕಿಗಳಿಗೆಲ್ಲ ದಪ್ಪ ಕಾಗದ ಅಂಟಿಸಿ, ದೀಪ ಮಂದ ಮಾಡಿದ್ದರು. ಬಂದವರಿಗೆ ಮುಜುಗರ ಆಗಬಾರದೆಂದು ಕಲ್ಲಕ್ಕ ಅವರ ಬೆನ್ನ ಹಿಂದೆ ಬಲಗಡೆಗೆ ಒಂದು ಗಿಡ್ಡ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಕತ್ತಲಲ್ಲಿ ಬರೆದುಕೊಳ್ಳಲು ಪಕ್ಕದಲ್ಲಿ ಒಂದು ಪುಟ್ಟ ಮೇಜಿನ ದೀಪ ಇಟ್ಟುಕೊಂಡಿದ್ದಳು. ಆ ದೀಪವನ್ನು ಅವಳೇ ಮನೆಯಿಂದ ತಂದದ್ದು.

ಹನ್ನೆರಡು ಜನ ಬಂದರು. ಬೇಕರಿಯವರು, ಬಸ್ಸಿನ ಡ್ರೈವರು, ಪಕ್ಕದ ಬೀದಿಯಲ್ಲಿ ಸಲೂನ್ ಇಟ್ಟ ಯಜಮಾನರು, ನಿವೃತ್ತ ಡ್ರಿಲ್ ಮಾಸ್ತರು, ಹೊಲಿಗೆಯವಳು, ಹೀಗೆ. ಎಲ್ಲರಿಗೂ ಅದೇ ಮೊಣಕಾಲು ನೋವು, ಅದೇ ಮೂರು ವಾರ. ಆಶ್ಚರ್ಯವೆಂದರೆ ಹನ್ನೊಂದು ಜನ ಗೆದ್ದರು. ಬೆರಳು ಮರುಭೇಟಿಯ ಮೇಲೆ ಆಡುತ್ತಿತ್ತು, ಇನ್ನೇನು ಒತ್ತಬೇಕು, ಅಷ್ಟರಲ್ಲಿ ಯಾರೋ ಕೈ ಹಿಡಿದು ಎಳೆದಂತೆ ಹಿಂದೆ ಸರಿದು ಮುಂದುವರಿದ ಭೇಟಿಗೆ ಹೋಗುತ್ತಿತ್ತು. ಸೋತವರು ಒಬ್ಬರೇ, ಅಚ್ಚುಕೂಟದಲ್ಲಿ ಕರಡು ತಿದ್ದುವವರು. ಕನ್ನಡಕವನ್ನು ಗಾಜಿಗೆ ತಾಗಿಸಿ ಒಂದೊಂದು ಅಕ್ಷರವನ್ನೂ ಓದಿದವರು ಅವರೊಬ್ಬರೇ. ಓದಿ, ಯೋಚಿಸಿ, ಮರುಭೇಟಿ ಒತ್ತಿ, ಆಮೇಲೆ 'ಮುಗಿಸಿ' ಒತ್ತಿ, ಎಲ್ಲ ಅಳಿಸಿಕೊಂಡು ಮನೆಗೆ ಹೋದರು.

ಯಂತ್ರ ಬರೆದುಕೊಂಡದ್ದನ್ನೆಲ್ಲ ಕೂಡಿಸಿದರೆ ಒಂದು ಬಣ್ಣದ ನಕ್ಷೆ ಬರುತ್ತದೆ. ಕಣ್ಣು ಹೆಚ್ಚು ಹೊತ್ತು ನಿಂತ ಕಡೆ ಕೆಂಪು, ಹಾದುಹೋದ ಕಡೆ ಹಸಿರು, ನೋಡದ ಕಡೆ ಏನೂ ಇಲ್ಲ. ಆ ನಕ್ಷೆ ನೋಡಿ ಇಡೀ ಆಫೀಸು ತಲೆ ಕೆರೆದುಕೊಂಡಿತು. ಐದು ಬಟನ್ನುಗಳೂ ಪೆಚ್ಚಾಗಿ ಹಸಿರು. ಕೆಳಗಿನ ಬಲಮೂಲೆ, ಅಕ್ಷರವಿಲ್ಲ, ಚಿತ್ರವಿಲ್ಲ, ಬರೀ ಕಪ್ಪುನೀಲಿ, ಅದು ಮಾತ್ರ ಕೆಂಡದಂತೆ ಕೆಂಪು.

"ಯಂತ್ರ ಕೆಟ್ಟಿರ್ಬೇಕು," ಎಂದಳು ಕಲ್ಲಕ್ಕ.

"ಯಂತ್ರ ಕೆಟ್ಟಿಲ್ಲ. ಅದಕ್ಕೆ ನಮಗಿಂತ ಜಾಸ್ತಿ ಗೊತ್ತು," ಎಂದರು ಪಿಕ್ಸೆಲಪ್ಪ. ಎರಡು ದಿನ ಕೋಣೆಯ ಬಾಗಿಲು ಹಾಕಿಕೊಂಡು ಕೂತು, ಮೂರನೇ ದಿನ ನಲವತ್ತು ಸ್ಲೈಡುಗಳೊಂದಿಗೆ ಹೊರಗೆ ಬಂದರು. "ಮನುಷ್ಯನ ಕಣ್ಣಿಗೂ ಸುಸ್ತಾಗುತ್ತೆ ರೀ. ಅದಕ್ಕೊಂದು ತಂಗುದಾಣ ಬೇಕು. ಖಾಲಿ ಜಾಗಕ್ಕೆ ಹೋಗಿ ಉಸಿರು ತಗೊಂಡು, ಬುದ್ಧಿ ಚುರುಕಾಗಿ, ಸರಿಯಾದ ಬಟನ್ ಒತ್ತಿದಾರೆ. ಇದನ್ನ ನಾವೇ ಕಂಡುಹಿಡಿದ್ವಿ!" ಎಲ್ಲರೂ ಚಪ್ಪಾಳೆ ತಟ್ಟಿದರು. ಜನ ಅಷ್ಟೊಂದು ನೋಡುವ ಜಾಗವನ್ನು ಖಾಲಿ ಬಿಡುವುದು ತರವೇ ಎಂದು ಅವರೇ ಮರುದಿನ ಅಲ್ಲೊಂದು ದೊಡ್ಡ ಹಳದಿ ಬಟನ್ ಕೂರಿಸಿ, ಅದರ ಮೇಲೆ 'ಮುಂದುವರಿದ ಭೇಟಿ' ಎಂದು ಬರೆದು, ಸುತ್ತಲೂ ಬೆಳ್ಳಗೆ ಮಾಡಿದರು. ಇನ್ನು ಹನ್ನೆರಡಕ್ಕೆ ಹನ್ನೆರಡೂ ಗ್ಯಾರಂಟಿ ಎಂದರು.

ಎರಡನೇ ಸುತ್ತಿಗೆ ಐವರು ಹೊಸಬರನ್ನೂ, ಹೋಲಿಸಿ ನೋಡಲೆಂದು ಹಳಬರಲ್ಲಿ ಸಲೂನ್ ಯಜಮಾನರೊಬ್ಬರನ್ನೂ ಕರೆಸಿದರು. ಹೊಸಬರು ಐವರೂ ಮಕಾಡೆ ಬಿದ್ದರು. ಹಳದಿ ಬಟನ್ ಅನ್ನು ಜಾಹೀರಾತೆಂದು ತಿಳಿದು ಕಣ್ಣೆತ್ತಿಯೂ ನೋಡಲಿಲ್ಲ. ಒಬ್ಬರು ಇತರೆ ಭೇಟಿ ಒತ್ತಿ ಹೆರಿಗೆ ವಿಭಾಗಕ್ಕೆ ಹೋಗಿ ತಲುಪಿದರು. ಅವರು ಅಂಚೆಯವರು, ಐವತ್ತೈದು ವರ್ಷದ ಗಂಡಸು.

ಕೊನೆಗೆ ಸಲೂನ್ ಯಜಮಾನರು ಕೂತರು. ಒಂಬತ್ತು ಚುಕ್ಕೆ ಮುಗಿಯಿತು. ಪರದೆ ಬಂತು. ಅವರು ಕತ್ತನ್ನು ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು, ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತರು. ಗಿರಾಕಿಯ ಕಿವಿಯ ಹಿಂದೆ ಕೂದಲು ಸರಿಹೋಯಿತೇ ಎಂದು ನೋಡುವವರ ಹಾಗೆ ಕಣ್ಣು ಕಿರಿದು ಮಾಡಿದರು. ಆಮೇಲೆ ಬೆರಳನ್ನು ಮಡಿಲಿಗೆ ಇಳಿಸಿಬಿಟ್ಟರು.

"ಮೇಡಂ, ಒಂದ್ಮಾತು ಕೇಳ್ಲಾ? ನೀವು ಎಲ್ಲಿಗೆ ಹೋದ್ರಿ?"

"ನಾನಾ? ಇಲ್ಲೇ ಇದೀನಲ್ಲ."

"ಅಲ್ಲ, ಹೋದ ಸಲ ಇಲ್ಲಿದ್ರಿ." ಅವರು ಹಳದಿ ಬಟನ್ ಮೇಲೆ ಬೆರಳಿಟ್ಟು ತೋರಿಸಿದರು. "ಈ ಮೂಲೇಲಿ. ಎಷ್ಟು ಚೆನ್ನಾಗಿ ಕಾಣಿಸ್ತಿದ್ರಿ! ಈಗ ಈ ಹಳದಿ ಅಡ್ಡ ಬಂದ್ಬಿಟ್ಟಿದೆ."

ಕಲ್ಲಕ್ಕ ಗತ್ತು ಬಿಡಲಿಲ್ಲ. "ಕಾಣಿಸಿದ್ರೆ ಏನಾಯ್ತು ಯಜಮಾನ್ರೆ? ಪರೀಕ್ಷೆ ಹೊತ್ತಲ್ಲಿ ನಾನು ಮುಖ ಅಲ್ಲಾಡಿಸೋದೇ ಇಲ್ಲ. ಹನ್ನೊಂದು ವರ್ಷದಿಂದ."

ಸಲೂನ್ ಯಜಮಾನರು ಕುರ್ಚಿ ತಿರುಗಿಸಿ ಅವಳನ್ನು ನೋಡಿದರು. ನಗಬಾರದೆಂದು ಪಾಪ ಎಷ್ಟು ಕಷ್ಟಪಟ್ಟರೋ. "ಮೇಡಂ, ಮೂವತ್ತು ವರ್ಷದಿಂದ ಕನ್ನಡೀಲಿ ಗಿರಾಕಿ ಮುಖ ನೋಡ್ಕೊಂಡೇ ಕತ್ತರಿ ಹಿಡಿದಿರೋನು ನಾನು. ಇನ್ನೊಂದು ಚೂರು ಕತ್ತರಿಸ್ಲಾ ಬೇಡ್ವಾ ಅಂತ ಯಾರೂ ಬಾಯಲ್ಲಿ ಹೇಳಲ್ಲ, ಮುಖ ಹೇಳುತ್ತೆ. ಆದ್ರೆ ನಿಮ್ಮಂಥ ಮುಖ ನಾನು ನೋಡಿಲ್ಲ ಬಿಡಿ. ಪೇಪರ್ ಓದಿದ ಹಾಗೆ ಓದ್ಬಹುದು. ನಾನು ಆ ಮರುಭೇಟಿ ಹತ್ರ ಹೋದ್ನಲ್ಲ, ನಿಮಗೆ ಹಲ್ಲುನೋವು ಬಂದ ಹಾಗಾಯ್ತು. ಮುಂದುವರಿದ ಭೇಟಿ ಹತ್ರ ಬಂದೆ, ಹೆತ್ತ ಮಗ ಪಾಸಾದ ಹಾಗೆ ಹುಬ್ಬು ಮೇಲೆ ಹೋಯ್ತು. 'ಮುಗಿಸಿ' ಹತ್ರ ಬೆರಳಿಟ್ಟಾಗಂತೂ ನೀವು ಕಣ್ಣೇ ಮುಚ್ಕೊಂಡ್ರಿ. ನಾನು ಬೇಗ ಕೈ ತೆಗೆದೆ, ನಿಮಗೇನಾದ್ರೂ ಆಗ್ಬಿಟ್ರೆ ಅಂತ."

ಅವಳು ನಂಬಲಿಲ್ಲ. ನಂಬುವ ಮಾತೇ ಅದು? ಹಳೆಯ ಪರದೆಯನ್ನು ಮತ್ತೆ ತೆರೆದು, ಅವರನ್ನು ತನ್ನ ಗಿಡ್ಡ ಸ್ಟೂಲಿನ ಮೇಲೆ ಕೂರಿಸಿ, ತಾನು ಪರದೆಯ ಮುಂದೆ ಕೂತಳು. ಕೆಳಗಿನ ಬಲಮೂಲೆಯ ಕಪ್ಪುನೀಲಿ ಗಾಜಿನಲ್ಲಿ, ಅವಳೇ ಮನೆಯಿಂದ ತಂದ ದೀಪದ ಬೆಳಕಿನಲ್ಲಿ, ಹಣೆಯಿಂದ ಗದ್ದದವರೆಗೆ ಸಲೂನ್ ಯಜಮಾನರ ಮುಖ ಚೊಕ್ಕವಾಗಿ ಕೂತಿತ್ತು. ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಬಹುದಿತ್ತು, ಅಷ್ಟು ಸ್ಪಷ್ಟ.

"ನೀವು ಮಾಡಿದ ಹಾಗೇ ಮಾಡಿ ತೋರಿಸ್ತೀನಿ, ತಪ್ಪು ತಿಳ್ಕೋಬೇಡಿ," ಎಂದಿತು ಆ ಮುಖ.

ಅವಳು ಬೇಕೆಂದೇ ಮರುಭೇಟಿಯ ಕಡೆ ಬೆರಳು ಒಯ್ದಳು. ಗಾಜಿನ ಮೂಲೆಯಲ್ಲಿ ಯಜಮಾನರು ತುಟಿ ಒಳಗೆಳೆದುಕೊಂಡು, ಮೂಗು ಸುಕ್ಕು ಮಾಡಿ, ಕಾಯಿಸಿದ ಬಾಣಲೆ ಬರಿಗೈಲಿ ಹಿಡಿದವರಂತೆ ಮುಖ ಹಿಂಡಿದರು. ಯಾವ ಬಟನ್ ಸರಿ, ಯಾವುದು ತಪ್ಪು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಅವಳ ಬೆರಳು ತಾನಾಗಿಯೇ ಹಿಂದಕ್ಕೆ ಬಂತು. ಮತ್ತೊಮ್ಮೆ ಒಯ್ದಳು, ಮತ್ತೆ ಹಿಂದಕ್ಕೆ ಬಂತು. ಆ ಹಿಂಡಿದ ಮೂಗನ್ನು ಅವಳು ಎಲ್ಲೋ ನೋಡಿದ್ದಳು. ತನ್ನ ಮದುವೆಯ ಫೋಟೋದಲ್ಲಿ, ಬೇಡದ ಚಿಕ್ಕಪ್ಪ ಪಕ್ಕದಲ್ಲಿ ಬಂದು ನಿಂತಾಗ ತೆಗೆದದ್ದರಲ್ಲಿ. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

"ಬೇರೆಯೋರು ಯಾರೂ ಹೇಳ್ಲಿಲ್ವಲ್ಲ!" ಎಂದಳು.

"ಅವರಿಗೇ ಗೊತ್ತಿರಲ್ಲ ಮೇಡಂ. ನಾನು ಕನ್ನಡಿ ಜೊತೆ ಬಾಳೋನು, ಅದಕ್ಕೇ ಗೊತ್ತಾಯ್ತು. ಕಷ್ಟ ಬಂದಾಗ ಕಣ್ಣು ಮುಖ ಹುಡುಕುತ್ತೆ, ಅಷ್ಟೆ." ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. "ನಾನು ಯಾರಿಗೂ ಹೇಳಲ್ಲ. ಸಲೂನಿನಲ್ಲಿ ಕೇಳಿದ್ದು ಸಲೂನಿನಲ್ಲೇ."

ಅದೇ ಸಂಜೆ ಪಿಕ್ಸೆಲಪ್ಪ ಅವಳ ಮೇಜಿನ ಬಳಿ ಬಂದರು. ಎರಡನೇ ಸುತ್ತಿನ ಸುದ್ದಿ ಕೇಳಿ ಮುಖ ಸಣ್ಣದಾಗಿತ್ತು, ಆದರೂ ಉಪಾಯ ಸಿದ್ಧವಿತ್ತು. "ಹಳದಿ ಬಟನ್ ನನ್ನ ತಪ್ಪೇ ಬಿಡಿ. ತಂಗುದಾಣದಲ್ಲಿ ಅಂಗಡಿ ಹಾಕ್ಬಾರ್ದಿತ್ತು. ಹಳೇ ಪರದೇನೇ ಕಳಿಸೋಣ. ಹನ್ನೆರಡರಲ್ಲಿ ಹನ್ನೊಂದು! ನಾಳೆ ಆಸ್ಪತ್ರೆಯ ಹಿರಿಯ ಸಿಸ್ಟರ್ ಬರ್ತಾರೆ. ನೀವೊಂದು ರುಜು ಹಾಕಿ ಕೊಟ್ಬಿಡಿ, ಮುಗೀತು."

ನಿಜಕ್ಕೂ ಅಲ್ಲಿಗೆ ಮುಗಿಯುತ್ತಿತ್ತು. ಗುಟ್ಟು ಗೊತ್ತಿದ್ದವರು ಇಬ್ಬರೇ, ಒಬ್ಬರು ಬಾಯಿಗೆ ಬೀಗ ಹಾಕಿಕೊಂಡು ಹೋಗಿದ್ದರು. ರುಜು ಹಾಕಿದರೆ ಕಲ್ಲಕ್ಕ ಕಲ್ಲಕ್ಕನಾಗಿಯೇ ಉಳಿಯುತ್ತಿದ್ದಳು. ಹಾಕದಿದ್ದರೆ ಹನ್ನೊಂದು ವರ್ಷದ ಹೆಸರು ಒಂದು ಬೆಳಗಿನಲ್ಲಿ ನಗೆಪಾಟಲು. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಆ ಗಾಜಿನ ಮುಂದೆ ನಿಂತವರ ಬೆನ್ನ ಹಿಂದೆ ಸ್ಟೂಲಿರುವುದಿಲ್ಲ, ದೀಪವಿರುವುದಿಲ್ಲ, ಹಲ್ಲುನೋವಿನ ಮುಖ ಮಾಡಿಕೊಂಡು ಕೂತ ಹೆಂಗಸೊಬ್ಬಳು ಇರುವುದಿಲ್ಲ. ಅವಳು ವರದಿಯನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದಳು.

ಊಟಕ್ಕೆ ಮುಂಚೆ ಮೂವರೂ ಇಸ್ಪೀಟು ಹಾಕಿಕೊಂಡು ಕೂತಿದ್ದರು. ಅತ್ತೆ ಎಲೆಗಳ ಮೇಲಿಂದ ಕಣ್ಣೆತ್ತಿ ನೋಡಿ, "ಏನಮ್ಮಾ, ಆಫೀಸಲ್ಲಿ ಏನೋ ಎಡವಟ್ಟು ಮಾಡ್ಕೊಂಡಿದೀಯ. ನಿನ್ನದೇ ತಪ್ಪು, ಆದ್ರೆ ಇನ್ನೂ ಯಾರಿಗೂ ಹೇಳಿಲ್ಲ," ಎಂದರು. ಎಂದು ಎಲೆ ಇಳಿಸಿದರು.

ಅವಳು ಚೀಲವನ್ನೂ ಇಳಿಸದೆ ಅಲ್ಲೇ ಕೂತಳು. "ಅತ್ತೆ, ನಿಜ ಹೇಳಿ. ನನ್ನ ಮುಖದಲ್ಲಿ ಎಲ್ಲಾ ಕಾಣುತ್ತಾ?"

ಮಗಳು ಕಿಸಕ್ಕನೆ ನಕ್ಕಳು. ಗಂಡ ಇದ್ದಕ್ಕಿದ್ದಂತೆ ತನ್ನ ಎಲೆಗಳನ್ನು ಬಹಳ ಶ್ರದ್ಧೆಯಿಂದ ಜೋಡಿಸತೊಡಗಿದ.

"ರೀ, ನೀವಾದ್ರೂ ಹೇಳ್ಬಾರ್ದಿತ್ತಾ?"

"ನನಗೆ ಅದರಿಂದ ಅನುಕೂಲ ಇತ್ತು," ಎಂದ ಗಂಡ, ಎಲೆಗಳಿಂದ ತಲೆ ಎತ್ತದೆ.

ಅತ್ತೆ ಇಸ್ಪೀಟು ಕೆಳಗಿಟ್ಟರು. "ನೀನು ಈ ಮನೆಗೆ ಬಂದ ವಾರ ಒಂದು ಹೊದಿಕೆ ಕೊಟ್ಟಿದ್ನಲ್ಲ, ನೆನಪಿದ್ಯಾ?"

ಮರೆಯುವುದು ಹೇಗೆ? ಗಿಳಿಹಸಿರು ಮತ್ತು ಕಿತ್ತಳೆ ಉಲ್ಲನ್ನಿನಲ್ಲಿ ಅತ್ತೆ ಎಂಟು ತಿಂಗಳು ಕೂತು ಹೆಣೆದದ್ದು. ನಡುವೆ ಒಂದು ನವಿಲು. ನವಿಲೆಂದು ಅತ್ತೆ ಹೇಳಿದರು, ನೋಡಿದವರಿಗೆ ಅದು ಮುಚ್ಚಳ ತೆರೆದ ಕೆಟಲ್ ಆಗಿ ಕಾಣುತ್ತಿತ್ತು. ತುಂಬಾ ಚೆನ್ನಾಗಿದೆ ಅತ್ತೆ ಎಂದು ಅವಳು ಮೂರು ಸಲ ಹೇಳಿದ್ದಳು. ದಿನಾ ಹಾಸಿ ಹಾಳು ಮಾಡುವುದು ಬೇಡವೆಂದು ಅತ್ತೆ ಅದನ್ನು ಟ್ರಂಕಿನಲ್ಲಿಟ್ಟರೆಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು.

"ಬಾಯಲ್ಲಿ ಚೆನ್ನಾಗಿದೆ ಅಂದೆ. ಮುಖ ನೋಡಿದೆ. ಆ ರಾತ್ರಿನೇ ಮಡಚಿ ಟ್ರಂಕಿಗೆ ಹಾಕ್ದೆ." ಅತ್ತೆಯ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಒಂದೆರಡು ದಿನ ಬೇಜಾರಾಯ್ತು, ಯಾಕೆ ಸುಳ್ಳು ಹೇಳ್ಲಿ. ಆಮೇಲೆ ಅನ್ನಿಸ್ತು, ಈ ಹುಡುಗಿ ಜೊತೆ ಬಾಳೋದು ಸುಲಭ ಅಂತ. ಒಳಗೊಂದು ಹೊರಗೊಂದು ಇಟ್ಕೊಳ್ಳೋಕೆ ಇವಳಿಗೆ ಬರಲ್ಲ. ಹದಿನಾಲ್ಕು ವರ್ಷ ನಾವಿಬ್ರೂ ಜಗಳ ಇಲ್ದೆ ಇದ್ದಿದ್ದು ಹೇಗೆ ಅಂದ್ಕೊಂಡಿದೀಯ?"

ಕಲ್ಲಕ್ಕನಿಗೆ ಅಳು ಬಂತು. ಬರುತ್ತದೆಂದು ಅವಳಿಗೆ ಗೊತ್ತಾಗುವ ಮೊದಲೇ ಮಗಳು ಕರವಸ್ತ್ರ ತಂದಾಗಿತ್ತು.

ಮರುದಿನ ಹತ್ತು ಗಂಟೆಗೆ ಹಿರಿಯ ಸಿಸ್ಟರ್ ಬಂದರು. ಇಪ್ಪತ್ತೆಂಟು ವರ್ಷ ವಾರ್ಡುಗಳನ್ನು ನಡೆಸಿದ ಗಟ್ಟಿಗಿತ್ತಿ, ನಡೆದರೆ ನೆಲ ಸದ್ದು ಮಾಡುತ್ತಿತ್ತು. ಪಿಕ್ಸೆಲಪ್ಪ ಹಳೆಯ ಪರದೆಯನ್ನು ಬಣ್ಣಿಸಿ, "ನಮ್ಮ ಕಲ್ಲಕ್ಕ ಪಾಸು ಮಾಡಿದಾರೆ," ಎಂದು ಅವಳ ಕಡೆ ಕೈ ತೋರಿಸಿದರು. ವರದಿ ಮೇಜಿನ ಮೇಲಿತ್ತು. ರುಜುವಿನ ಜಾಗ ಖಾಲಿ ಇತ್ತು.

"ಸಿಸ್ಟರ್, ರುಜು ಹಾಕೋ ಮುಂಚೆ ನೀವೇ ಒಂದ್ಸಲ ಮಾಡಿ ನೋಡ್ತೀರಾ?" ಎಂದಳು ಕಲ್ಲಕ್ಕ. ಪಿಕ್ಸೆಲಪ್ಪನವರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದಳು. ಪರೀಕ್ಷೆಗೆ ಕೂತವರ ಕಣ್ಣು ಎಲ್ಲಿದೆಯೆಂದು ಅಲ್ಲಿನ ಟೀವಿಯಲ್ಲಿ ಒಂದು ಕೆಂಪು ಚುಕ್ಕೆ ಓಡಾಡಿ ತೋರಿಸುತ್ತದೆ.

ಮೊದಲ ಸಲ ಮೊಣಕಾಲು ನೋವು. ಕಲ್ಲಕ್ಕ ಎಂದಿನಂತೆ ದೀಪ ಹಚ್ಚಿಕೊಂಡು ಸ್ಟೂಲಿನ ಮೇಲೆ ಕೂತಳು. ಮುಖವನ್ನು ತಡೆಯಲು ಹೋಗಲಿಲ್ಲ, ಅದು ತನ್ನ ಪಾಡಿಗೆ ತಾನು ನಡೆದುಕೊಂಡಿತು. ಸಿಸ್ಟರ್ ಒಂದೂವರೆ ನಿಮಿಷದಲ್ಲಿ ಮುಗಿಸಿದರು. "ಪರವಾಗಿಲ್ಲ, ಸುಲಭವಾಗಿದೆ," ಎಂದರು.

"ಇನ್ನೊಂದು ಮಾಡಿ ಸಿಸ್ಟರ್. ಕಣ್ಣಿನ ಡಾಕ್ಟರಿಗೆ ತೋರಿಸಿ ಎರಡು ತಿಂಗಳಾಗಿದೆ, ಮತ್ತೆ ಹೋಗ್ಬೇಕು. ನಾನು ಒಂದ್ನಿಮಿಷ ಬಂದೆ." ದೀಪ ಆರಿಸಿ, ಕೋಣೆಯಿಂದ ಹೊರಬಂದು, ಬಾಗಿಲು ಹಾಕಿ, ಪಿಕ್ಸೆಲಪ್ಪನವರ ಪಕ್ಕ ನಿಂತಳು.

ಟೀವಿಯ ಮೇಲೆ ಕೆಂಪು ಚುಕ್ಕೆ ಮುಂದುವರಿದ ಭೇಟಿಗೆ ಹೋಯಿತು. ಅಲ್ಲಿಂದ ನೇರ ಕೆಳಗಿನ ಬಲಮೂಲೆಗೆ. ಅಲ್ಲೇ ನಿಂತಿತು. ಮತ್ತೆ ಮರುಭೇಟಿ, ಮತ್ತೆ ಬಲಮೂಲೆ. ಉಲ್ಲೇಖಿತ, ಬಲಮೂಲೆ. ಇತರೆ, ಬಲಮೂಲೆ. ಸಂತೆಯಲ್ಲಿ ಅಮ್ಮನ ಕೈ ತಪ್ಪಿಸಿಕೊಂಡ ಮಗುವಿನ ಹಾಗೆ ಆ ಚುಕ್ಕೆ ಓಡಿ ಓಡಿ ಒಂದೇ ಜಾಗಕ್ಕೆ ಬಂದು ನೋಡುತ್ತಿತ್ತು. ಪಿಕ್ಸೆಲಪ್ಪ ತಂಗುದಾಣ ಎನ್ನಲು ಬಾಯಿ ತೆರೆದವರು ಹಾಗೆಯೇ ಮುಚ್ಚಿದರು. ನಾಲ್ಕು ನಿಮಿಷವಾದ ಮೇಲೆ ಒಳಗಿನಿಂದ ವಾರ್ಡು ನಡುಗುವ ದನಿ ಬಂತು.

"ಆಯಮ್ಮ ಎಲ್ಲಿಗೆ ಹೋದ್ರು ರೀ? ಅವರಿಲ್ದೆ ಇದು ನಡೆಯಲ್ವಲ್ಲ!"

ಅಲ್ಲಿಗೆ ಹೇಳಲು ಹೆಚ್ಚೇನೂ ಉಳಿದಿರಲಿಲ್ಲ. ಉಳಿದದ್ದನ್ನು ಅವಳು ಹೇಳಿದಳು. ದೀಪ, ಗಾಜು, ಮೂಗು, ಹುಬ್ಬು, ಒಂದನ್ನೂ ಬಿಡಲಿಲ್ಲ. ಹಿಂದೆ ತಾನೇ ಪಾಸು ಮಾಡಿದ್ದ, ಮುಖ ಕಾಣುವಂಥ ಕಪ್ಪು ಅಂಚಿದ್ದ ಇನ್ನೂ ಮೂರು ಪರದೆಗಳ ಪರೀಕ್ಷೆಯನ್ನೂ ಮತ್ತೆ ಮಾಡಬೇಕೆಂದು ಬರೆದು ತಂದಿದ್ದ ಕಾಗದವನ್ನು ಮೇಜಿನ ಮೇಲಿಟ್ಟಳು.

ಹಿರಿಯ ಸಿಸ್ಟರ್ ಬಿದ್ದು ಬಿದ್ದು ನಕ್ಕರು. ನಕ್ಕು ಸಾಕಾದ ಮೇಲೆ, "ನಮ್ಮ ಕೌಂಟರಿನ ಇಬ್ರೂ ಮಾಡೋದು ಇದನ್ನೇ ತಾನೇ. ಕಾಯಿಲೆಯವರು ಅರ್ಧ ಹೇಳೋದ್ರೊಳಗೆ ಇವರ ಮುಖ ನೋಡಿ ಸರಿಯಾದ ಬಾಗಿಲಿಗೆ ಹೋಗ್ತಾರೆ," ಎಂದರು. "ಅವರನ್ನ ಎಬ್ಬಿಸೋ ಮಾತು ಸದ್ಯಕ್ಕೆ ಬೇಡ. ಪರದೆ ಅವರ ಪಕ್ಕದಲ್ಲಿ ನಿಲ್ಲಲಿ. ಆದ್ರೆ ಈ ಐದು ಭೇಟಿಗಳನ್ನ ಮೊದಲು ಕಿತ್ತು ಹಾಕಿ."

ಪಿಕ್ಸೆಲಪ್ಪ ತಲೆ ತಗ್ಗಿಸಿ ಕೂತಿದ್ದರು. ಕಲ್ಲಕ್ಕ ಅವರ ಎದುರು ನಿಂತು ಕೇಳಿದಳು. "ನಿಮಗೂ ಕಾಣಿಸ್ತಿತ್ತಾ, ಇಷ್ಟು ವರ್ಷ?"

"ಮೀಟಿಂಗಲ್ಲಿ ನಾನು ಚಿತ್ರ ತೋರಿಸೋವಾಗ ನಿಮ್ಮ ಮುಖ ನೋಡ್ಕೊಂಡೇ ಬಣ್ಣ ಬದಲಾಯಿಸ್ತಿದ್ದೆ."

"ಹಾಗಾದ್ರೆ ಕಲ್ಲಕ್ಕ ಅಂತ ಯಾಕೆ ಕರೀತಿದ್ರಿ?"

"ಮೊದಲನೇ ದಿನ ನೀವೇ ಅಲ್ವಾ ಹೇಳಿದ್ದು, ನಂದು ಕಲ್ಲುಮುಖ ಅಂತ? ಅಷ್ಟು ಖುಷಿಯಾಗಿ ಹೇಳಿದ್ರಿ. ಇಲ್ಲ ಅನ್ನೋಕೆ ಯಾರಿಗೂ ಮನಸ್ಸು ಬರ್ಲಿಲ್ಲ."

ಪರದೆಯನ್ನು ಹೊಸದಾಗಿ ಬಿಡಿಸಿದರು. ಮೊದಲ ಸಲ ಬಂದಿದ್ದೀರಾ, ಹೌದು, ಇಲ್ಲ, ಅಷ್ಟೇ. 'ಮುಗಿಸಿ'ಯನ್ನು ಪಿಕ್ಸೆಲಪ್ಪ ತಮ್ಮ ಕೈಯಾರೆ ತೆಗೆದುಹಾಕಿದರು. ಇನ್ನು ಉಳಿದದ್ದು ಕಲ್ಲಕ್ಕನ ಮುಖ. ಪರೀಕ್ಷೆಗೆ ಬಂದವರಿಗೂ ಅವಳಿಗೂ ನಡುವೆ ಒಂದು ಪರದೆ ಕಟ್ಟಬೇಕು, ಬಟ್ಟೆಯ ಪರದೆ, ದೀಪದ ಬೆಳಕು ಹಾಯದಷ್ಟು ದಪ್ಪನೆಯದು. ಆಫೀಸಿನಲ್ಲಿದ್ದ ಬಟ್ಟೆಗಳೆಲ್ಲ ತೆಳು. ಆ ದಿನ ಅವಳು ಮನೆಗೆ ಹೋದವಳೇ ಕೈಕಾಲು ತೊಳೆಯದೆ ಟ್ರಂಕು ತೆರೆದಳು.

ಗಿಳಿಹಸಿರು, ಕಿತ್ತಳೆ, ನಡುವೆ ಕೆಟಲ್. ಒಂದೇ ಒಂದು ಎಳೆ ಬೆಳಕು ಹಾಯಲಿಲ್ಲ. ಎಂಟು ತಿಂಗಳು ಕೂತು ಅಷ್ಟು ಬಿಗಿಯಾಗಿ ಹೆಣೆದಿದ್ದರು ಅತ್ತೆ. ಅದನ್ನು ಕಟ್ಟಿಕೊಂಡು ಹನ್ನೆರಡು ಜನರನ್ನು ಪರೀಕ್ಷೆ ಮಾಡಿದರು. ಗೆದ್ದವರು ಒಂಬತ್ತು, ಸೋತವರು ಮೂರು, ಬಲಮೂಲೆಯಲ್ಲಿ ಒಂದು ಚುಕ್ಕೆ ಕೆಂಪೂ ಇಲ್ಲ. ಸೋತ ಮೂವರ ವಿಷಯವನ್ನು ಅವಳು ಆರು ಪುಟ ಬರೆದಳು. ಹೊದಿಕೆಯ ಹಿಂದೆ ಕೂತು ಮನಸಾರೆ ಮೂಗು ಮುರಿದಳು, ಹುಬ್ಬೇರಿಸಿದಳು, ಒಮ್ಮೆ ಹಣೆ ಹಣೆ ಚಚ್ಚಿಕೊಂಡಳು. ಕೆಲಸ ಇಷ್ಟು ಹಗುರವೆಂದು ಅವಳಿಗೆ ಹನ್ನೊಂದು ವರ್ಷ ಗೊತ್ತೇ ಇರಲಿಲ್ಲ. ಕರಡು ತಿದ್ದುವವರು ಮತ್ತೆ ಬಂದಿದ್ದರು, ಈ ಸಲ ಎಲ್ಲರಿಗಿಂತ ಮೊದಲು ಮುಗಿಸಿದರು.

ಸಂಜೆ ಬಾಗಿಲಲ್ಲೇ ಅತ್ತೆ ಕೇಳಿದರು. "ಹೇಗಿತ್ತಮ್ಮಾ ನನ್ನ ಹೊದಿಕೆ?"

"ತುಂಬಾ ಚೆನ್ನಾಗಿತ್ತು ಅತ್ತೆ."

ಅತ್ತೆ ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. ಸೊಸೆಯ ಗದ್ದ ಹಿಡಿದು ಮುಖವನ್ನು ದೀಪದ ಕಡೆ ತಿರುಗಿಸಿ, ಹಣೆ, ಹುಬ್ಬು, ಮೂಗು, ತುಟಿ, ಒಂದೊಂದನ್ನೂ ನಿಧಾನವಾಗಿ ನೋಡಿದರು. ಒಳಗೆ ಹೋಗಿ ಉಳಿದಿದ್ದ ಕಿತ್ತಳೆ ಉಲ್ಲನ್ನಿನ ಉಂಡೆಯನ್ನೂ ಕಡ್ಡಿಗಳನ್ನೂ ಹುಡುಕಿ ತಂದು, ಕಿಟಕಿಯ ಪಕ್ಕ ಕೂತು, ಎರಡು ದಿಂಬಿನ ಚೀಲಕ್ಕೆ ಎಷ್ಟು ಕುಣಿಕೆ ಬೇಕೆಂದು ಎಣಿಸತೊಡಗಿದರು.